ಶಾಂತಪ್ಪನಿಗೆ ಮೊದಲ ದಿಂಬು

ನಮ್ಮೂರಲ್ಲಿ ಪೆನ್ಷನ್ ಅಂದ್ರೆ ದುಡ್ಡಲ್ಲ, ನಿದ್ದೆ. ಸರ್ಕಾರಿ ಕೆಲಸದಿಂದ ರಿಟೈರ್ ಆದವರಿಗೆ ದಿನಾ ಮಧ್ಯಾಹ್ನ ಊಟ ಆದಮೇಲೆ ಅರ್ಧ ಗಂಟೆ ಗಟ್ಟಿ ನಿದ್ದೆ, ಸಾಯೋ ತನಕ. ಆ ನಿದ್ದೆ ಮೇಲಿಂದ ಉದುರಲ್ಲ, ನಮ್ಮ ದಿಂಬಿಂದ ಬರುತ್ತೆ. ಬೆಳಿಗ್ಗೆ ಹಾಲಿನವನಿಗಿಂತ ಮುಂಚೆ ದಿಂಬಿನ ಗಾಡಿ ಗಂಟೆ ಬಾರಿಸ್ಕೊಂಡು ಬರುತ್ತೆ. ನಾವು ಕಣ್ಣುಜ್ಜಿಕೊಂಡು, ಆಕಳಿಸಿಕೊಂಡು, ತಲೆ ಇಟ್ಟಿದ್ದ ದಿಂಬನ್ನ ಬಿಸಿಬಿಸಿಯಾಗೇ ತಂದು ಗಾಡಿಗೆ ಹಾಕ್ತೀವಿ. ನಮ್ಮ ನಿದ್ದೇಲಿ ಅರ್ಧ ಗಂಟೆ ಅದರಲ್ಲೇ ಉಳ್ಕೊಂಡಿರುತ್ತೆ. ಬೇರೆ ಊರಲ್ಲಿ ಜನ ಸರ್ಕಾರದಿಂದ ನಿದ್ದೆ ಕಳ್ಕೋತಾರೆ, ನಮ್ಮೂರಲ್ಲಿ ಸರ್ಕಾರಕ್ಕೆ ನಿದ್ದೆ ಕಟ್ತೀವಿ. ನನ್ನಂಥ ಖಾಸಗಿ ಪ್ರಾಣಿಗಳು ಕಡೇ ತನಕ ದಿಂಬು ಕಳಿಸ್ತಾನೇ ಇರಬೇಕು. ಬದುಕಿರೋವಾಗ ನಿದ್ದೆ ಅವರಿಗೆ, ಸತ್ತಮೇಲೆ ನಮಗೆ.

ನಿದ್ದೆ ಜೊತೆ ಕನಸೂ ಹೋಗುತ್ತೆ. ಅದಕ್ಕೇ ಸಾಯಂಕಾಲ ದಿಂಬು ವಾಪಸ್ ಕೊಡೋಕೆ ಬರುವಾಗ, ಅದರ ಮೇಲೆ ಮಲಗಿದ್ದವರು ನಮ್ಮ ಬಾಗಿಲಲ್ಲಿ ನಿಂತು ಕನಸನ್ನೂ ಒಪ್ಪಿಸಬೇಕು. ನಾವು ಒಂದು ಲೋಟ ನೀರು, ಒಂದು ಚೂರು ಬೆಲ್ಲ ಕೊಡಬೇಕು. ಅವರು ಬೆಲ್ಲ ಕಚ್ಚಿ, ನೀರು ಕುಡಿದು, ಕಂಡದ್ದನ್ನ ಕಂಡ ಹಾಗೆ ಹೇಳಬೇಕು. ಸೇರಿಸೋ ಹಾಗಿಲ್ಲ, ನುಂಗೋ ಹಾಗಿಲ್ಲ. ನನ್ನದು ಗೋಲಿ ಸೋಡ ಅಂಗಡಿ. ಮೊನ್ನೆ ರಿಟೈರ್ಡ್ ತಹಸೀಲ್ದಾರರು ನಮ್ಮ ಬಾಗಿಲಿಗೆ ಬಂದು, ತಾವು ಬಾಟ್ಲಿ ಕುತ್ತಿಗೇಲಿ ಗೋಲಿಯಾಗಿ ಸಿಕ್ಕಿಹಾಕಿಕೊಂಡಿದ್ದನ್ನ, ಯಾರೋ ಹೆಬ್ಬೆಟ್ಟಿಟ್ಟು ಒತ್ತಿದ್ದನ್ನ, ತಾವು 'ಟುಸ್' ಅಂದದ್ದನ್ನ ಬಹಳ ಗಂಭೀರವಾಗಿ ಹೇಳಿ ಹೋದರು. ಸರ್ವಿಸಲ್ಲಿದ್ದಾಗ ಅವರು ಯಾರು ಎಷ್ಟು ಒತ್ತಿದರೂ ಬಾಯಿ ಬಿಟ್ಟವರಲ್ಲ.

ಇದರಲ್ಲಿ ಒಂದೇ ತೊಡಕು. ಇನ್ನೊಬ್ಬರ ಕನಸಲ್ಲಿ, ಮಲಗಿದವರು ತಾವು ಎಚ್ಚರದಲ್ಲಿ ಕಣ್ಣಾರೆ ಕಂಡವರ ಮುಖ ಮಾತ್ರ ಕಾಣುತ್ತೆ. ತಾವು ನೋಡೇ ಇಲ್ಲದವರು ಬಂದರೆ ಮುಖ ಇರೋ ಜಾಗ ತೊಳೆದಿಟ್ಟ ತಟ್ಟೆ ಥರ ಇರುತ್ತೆ. ಇದು ಯಾರಿಗೂ ದೊಡ್ಡ ವಿಷಯ ಆಗಿರಲಿಲ್ಲ, ಕೊಟ್ರಕ್ಕನ್ನ ಬಿಟ್ಟರೆ.

ಕೊಟ್ರಕ್ಕನದು ನನ್ನ ಪಕ್ಕದ್ದೇ ಅಂಗಡಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಅವಳ ಖಾರ ತಿಂದವರು ನನ್ನ ಸೋಡಕ್ಕೆ ಬರಲೇಬೇಕು, ಹಾಗಾಗಿ ನಮ್ಮಿಬ್ಬರ ಸಂಬಂಧ ಚೆನ್ನಾಗಿದೆ. ಮಾತು ಬಹಳ ಮರ್ಯಾದೆಯದು. ಬಜ್ಜಿ ತಟ್ಟೆಗೆ ಬಾಯಿ ಹಾಕೋ ದನಕ್ಕೂ "ಸರೀರಿ ಆ ಕಡೆ" ಅಂತಾಳೆ. ಆಚೆದಡದವಳು. ಅಂದ್ರೆ ಹೊಳೆ ಆಚೆಯವಳು. ಈಗ ಎರಡೂ ದಡ ಸೇರಿ ಒಂದೇ ಊರು. ಅವಳು ಚಿಕ್ಕವಳಿದ್ದಾಗ ಎರಡೂ ದಡಕ್ಕೆ ಯುದ್ಧ ಆಗಿತ್ತು. ಯಾತಕ್ಕೆ ಅಂದ್ರೆ, ಹೊಳೆ ಮಧ್ಯದಲ್ಲಿದ್ದ ಒಂದು ಮರಳುದಿಬ್ಬ ಯಾರದ್ದು ಅಂತ. ಯುದ್ಧ ಮುಗಿಯೋ ಹೊತ್ತಿಗೆ ಹೊಳೆ ಆ ದಿಬ್ಬಾನ ಕೊಚ್ಚಿಕೊಂಡು ಹೋಗಿತ್ತು. ಗೆದ್ದವರು ಇವತ್ತಿಗೂ ವರ್ಷಕ್ಕೊಂದು ಸಲ ನೀರಿನ ಕಡೆ ತಿರುಗಿ ಸೆಲ್ಯೂಟ್ ಹೊಡೀತಾರೆ.

ಆ ಯುದ್ಧದಲ್ಲಿ ಈಚೆದಡದ ಜಮಾದಾರನೊಬ್ಬ ಆಚೆದಡದ ಜನರನ್ನ ಎಣ್ಣೆ ಗಾಣದ ಮನೆ ಒಳಗೆ ಕೂಡಿಹಾಕಿ, ಬಾಗಿಲು ಮುಚ್ಚಿ, ಬೆಂಕಿ ಇಟ್ಟ. ಕೊಟ್ರಕ್ಕನ ಅವ್ವ, ಅಪ್ಪ, ಅಣ್ಣ ಹಾಲೇಶಿ, ಎಲ್ಲರೂ ಒಳಗಿದ್ದರು. ಕೊಟ್ರಕ್ಕ ಪಕ್ಕದ ಹಟ್ಟಿಗೆ ಮಜ್ಜಿಗೆ ತರೋಕೆ ಹೋಗಿದ್ದಳು. ಆ ಜಮಾದಾರನ ಹೆಸರು ಶಾಂತಪ್ಪ. ಅಪ್ಪ ಅಮ್ಮ ಇಟ್ಟ ಹೆಸರು, ಅವರನ್ನ ಏನೂ ಅನ್ನೋ ಹಾಗಿಲ್ಲ.

ಕೊಟ್ರಕ್ಕನಿಗೆ ಅಣ್ಣನ ಮುಖ ನೆನಪಿಲ್ಲ. ಫೋಟೋ ಇಲ್ಲ. ಅವನು ಇದ್ದದ್ದು ನೆನಪಿದೆ, ತನ್ನ ಜಡೆ ಎಳೀತಿದ್ದದ್ದು ನೆನಪಿದೆ, ಮುಖ ಮಾತ್ರ ಇಲ್ಲ. ಅವನು ಅವಳ ಕನಸಿಗೆ ಬರ್ತಾನೆ ಅನ್ನೋದೂ ಅವಳಿಗೆ ಗೊತ್ತಾಗಿದ್ದು ಪೆನ್ಷನ್‌ದಾರರ ಬಾಯಿಂದಲೇ. ಒಮ್ಮೆ ದಿಂಬು ಗಾಡಿಗೆ ಹಾಕದೆ ಬಚ್ಚಿಟ್ಟು ಮಧ್ಯಾಹ್ನ ತಾನೇ ಮಲಗಿ ನೋಡಿದಳು. ನಮ್ಮ ದಿಂಬು ನಮಗೇನೂ ಕೊಡಲ್ಲ, ಕುತ್ತಿಗೆ ನೋವು ಬಿಟ್ಟರೆ. ಹಾಗಾಗಿ ದಿನಾ ಸಾಯಂಕಾಲ ಬೆಲ್ಲದ ಡಬ್ಬಿ ಹಿಡ್ಕೊಂಡು ಬಾಗಿಲಲ್ಲಿ ಕಾಯೋಳು.

"ಗಾಣ ತಿರುಗ್ತಿತ್ತವ್ವ," ಅನ್ನೋರು ಬಂದವರು. "ಎಳ್ಳೆಣ್ಣೆ ವಾಸನೆ ಬಂತು. ಎತ್ತಿನ ಹಿಂದೆ ಒಬ್ಬ ಹುಡುಗ ಕೂತಿದ್ದ."

"ಹುಡುಗ ಹೆಂಗಿದ್ದರೀ?"

"ಹುಡುಗರ ಥರಾನೇ ಇದ್ದ."

ಇಷ್ಟೇ. ವರ್ಷಗಟ್ಟಲೆ ಇಷ್ಟೇ. ಊರಿನ ಬೆಲ್ಲ ಎಲ್ಲಾ ಕರಗಿಹೋಯ್ತು, ತಟ್ಟೆಯಂಥ ಮುಖದಲ್ಲಿ ಒಂದು ಮೂಗೂ ಮೂಡಲಿಲ್ಲ.

ಹೀಗಿರುವಾಗ ಶಾಂತಪ್ಪ ಜೈಲಿಂದ ಬಂದ. ಬಂದವನು ವಯಸ್ಸು ತುಂಬಿದೆ, ನನಗೂ ಪೆನ್ಷನ್ ಕೊಡಿ ಅಂತ ಅರ್ಜಿ ಹಾಕಿದ.

ಚಾವಡಿ ಮುಂದೆ ಸಭೆ ಸೇರಿತು. ನಾನು ಸೋಡ ಕ್ರೇಟು ಹೊತ್ಕೊಂಡು ಹೋಗಿದ್ದೆ, ನ್ಯಾಯಾನ್ಯಾಯದ ಮಾತಿಗೆ ಗಂಟಲು ಬೇಗ ಒಣಗುತ್ತೆ. ಅಧ್ಯಕ್ಷರು ಜಂಬಯ್ಯ. ಹೆಸರಿಗೆ ತಕ್ಕ ಜಂಬ, ಜಂಬಕ್ಕೆ ತಕ್ಕ ಪೇಟ.

"ನೋಡಿ," ಅಂದರು ಜಂಬಯ್ಯ. "ಪೆನ್ಷನ್ನು ಎಂಥ ಕೆಲಸ ಮಾಡಿದ ಅಂತ ನೋಡಲ್ಲ. ಎಷ್ಟು ವರ್ಷ ಮಾಡಿದ ಅಂತ ನೋಡುತ್ತೆ. ಜಮಾದಾರಿಕೆ ಇಷ್ಟು ವರ್ಷ, ಜೈಲು ಇಷ್ಟು ವರ್ಷ. ಜೈಲೂ ಸರ್ಕಾರದ್ದೇ ತಾನೆ, ಸರ್ಕಾರಿ ವಸತೀಲೇ ಇದ್ದ ಅಂತ ಲೆಕ್ಕ."

ಕೊಟ್ರಕ್ಕ ಎದ್ದು ನಿಂತಳು. ಬಜ್ಜಿ ಜಾಲರಿ ಕೈಯಲ್ಲೇ ಇತ್ತು. "ಗಾಣದ ಮನೆಗೆ ಬೆಂಕಿ ಇಟ್ಟಿದ್ದೂ ಸರ್ವಿಸಿಗೆ ಸೇರುತ್ತೇನ್ರೀ?"

ಜಂಬಯ್ಯ ಪೇಟ ಸರಿ ಮಾಡ್ಕೊಂಡರು. "ಅದು ಕೆಲಸದ ವೇಳೇಲೇ ನಡೆದದ್ದು ಕಣಮ್ಮ. ರಜಾ ಹಾಕಿ ಹೋಗಿ ಮಾಡಿದ್ದರೆ ಬೇರೆ ಮಾತು."

ರಿಟೈರ್ಡ್ ಪುಟ್ಟತಾಯಿ ಟೀಚರ್ ಕೈ ಎತ್ತಿ ಎದ್ದರು. ಅರ್ಧ ಊರಿಗೆ ಮಗ್ಗಿ ಕಲಿಸಿದವರು, ಅವರು ಎದ್ದರೆ ಈಗಲೂ ಜನ ಬೆನ್ನು ನೆಟ್ಟಗೆ ಮಾಡ್ತಾರೆ. "ಮಗು ಕೊಟ್ರಮ್ಮ, ನಿನ್ನ ಸಂಕಟ ನನಗೆ ಗೊತ್ತಾಗುತ್ತೆ. ಆದರೆ ಶಿಕ್ಷೆ ಅಂತ ಕೊಟ್ಟಮೇಲೆ ಅದಕ್ಕೊಂದು ಕೊನೆ ಬೇಡವೇ? ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ್ನ ಬೆಲ್ ಹೊಡೆದ ಮೇಲೂ ನಿಲ್ಲಿಸೋಕಾಗುತ್ತಾ?"

"ಟೀಚರ್, ಬೆಲ್ ಹೊಡೆದ ಮೇಲೆ ಬೇರೆ ಹುಡುಗರು ಮನೆಗೆ ಹೋಗ್ತಾರೆ. ನಮ್ಮಣ್ಣ ಬರಲಿಲ್ಲ."

ಟೀಚರ್ ಕೂತರು. ಆಮೇಲೆ ಪೆನ್ಷನ್‌ದಾರರು ಮಧ್ಯಾಹ್ನ ಮಲಗೋ ದಿಂಬಿನ ಮನೆ ನೋಡಿಕೊಳ್ಳೋ ಅಡಿವೆಪ್ಪ, ಯಾರೂ ಕೇಳದಿದ್ದರೂ, ಬಾಯಿ ಬಿಟ್ಟ. "ಒಂದು ಮಾತು. ಬೆಂಕಿ ಇಡು ಅಂತ ಹುಕುಮಿಗೆ ಸಹಿ ಹಾಕಿದವರು ದಿನಾ ನನ್ನ ಹತ್ರ ಕಿಟಕಿ ಪಕ್ಕದ ಮಂಚದಲ್ಲಿ ಮಲಗ್ತಾರೆ. ಸೀಮೆಎಣ್ಣೆ ಸರಬರಾಜು ಮಾಡಿದವರು ಎರಡು ದಿಂಬು ಕೇಳ್ತಾರೆ."

ಸಹಿ ಹಾಕಿದವರು ಜಂಬಯ್ಯನ ಮಾವ. ಸಭೆ ಕೆಮ್ಮಿತು. "ಅವರನ್ನ ಇದಕ್ಕೆ ಎಳೀಬೇಡ," ಅಂದರು ಜಂಬಯ್ಯ. "ಅವರು ಅಪರಾಧಿಗಳಲ್ಲ, ಅಧಿಕಾರಿಗಳು."

"ಹಂಗಾದ್ರೆ ಅವರ ದಿಂಬೂ ಎಳ್ಕೊಳ್ಳಿ," ಅಂದಳು ಕೊಟ್ರಕ್ಕ. "ಇವನಿಗೂ ಕೊಡಬೇಡಿ. ನಾನು ದಿಂಬು ಕಳಿಸೋದು ಟೀಚರಂಥೋರು ಮಲಗಲಿ ಅಂತ. ನಮ್ಮವ್ವನ್ನ ಸುಟ್ಟವನ ತಲೆ ಕೆಳಗೆ ಇಡೋಕಲ್ಲ."

ಆಚೆದಡದವರೆಲ್ಲ ಹೌದು ಹೌದು ಅಂದರು. ಎಲ್ಲರಿಗಿಂತ ಜೋರಾಗಿ ಅಂದದ್ದು ಛತ್ರಿ ರಿಪೇರಿ ಮೈಲಾರಪ್ಪ. ಅವನ ಹೆಂಡತಿಯೂ ಆ ಗಾಣದ ಮನೇಲೇ ಹೋದವಳು. ನಮ್ಮೂರಲ್ಲಿ ಛತ್ರಿಗಳಿಗೆ ಕೊರತೆ ಇಲ್ಲ, ಆದರೆ ರಿಪೇರಿ ಆಗೋದು ಮೈಲಾರಪ್ಪನ ಹತ್ರ ಹೋಗೋವು ಮಾತ್ರ. ಅವನು ಸಭೆಗೆ ಹಳೇ ಛತ್ರಿ ಕಡ್ಡಿ ತೋರಿಸಿ, "ಯಾರಾದ್ರೂ ಅವನಿಗೆ ದಿಂಬು ಕೊಟ್ಟರೆ ನಾನು ಅವರ ಮನೆ ಛತ್ರಿ ಮುಟ್ಟಲ್ಲ" ಅಂದ. ಮಳೆಗಾಲ ಹತ್ತಿರ ಇತ್ತು, ಜನ ಗಂಭೀರವಾಗಿ ತಗೊಂಡರು.

ಶಾಂತಪ್ಪ ಇದೆಲ್ಲ ನಡೆಯುವಾಗ ಕಂಬಕ್ಕೆ ಒರಗದೆ ಪಕ್ಕದಲ್ಲಿ ನಿಂತಿದ್ದ. ನಾನು ರಾಕ್ಷಸನ್ನ ನೋಡೋಕೆ ಅಂತ ಹೋಗಿದ್ದೆ. ಸಿಕ್ಕಿದ್ದು ದೊಗಳೆ ಅಂಗಿಯ ಒಬ್ಬ ಮುದುಕ, ಕಣ್ಣ ಸುತ್ತ ಬಾಣಲೆ ತಳದಂಥ ಕಪ್ಪು. ನನಗೆ ಒಂಥರಾ ಮೋಸ ಆದ ಹಾಗಾಯ್ತು.

"ನೀನೇನು ಹೇಳ್ತೀಯಪ್ಪ?" ಅಂದರು ಜಂಬಯ್ಯ.

"ನನಗೆ ನಿದ್ದೆ ಬರಲ್ಲ ಸ್ವಾಮಿ. ಆಗಿಂದ ಬಂದಿಲ್ಲ. ಅರ್ಧ ಗಂಟೆ ಸಾಕು."

"ನಾವು ಮಾತ್ರ ಏನು ಗೊರಕೆ ಹೊಡೀತಿದೀವಾ?" ಅಂದ ಮೈಲಾರಪ್ಪ.

ಜಂಬಯ್ಯ ಪೆನ್ಷನ್ ಮಂಜೂರು ಮಾಡಿದರು. ಮಾಡಲೇಬೇಕಿತ್ತು, ಇವನದು ನಿಲ್ಲಿಸಿದರೆ ಮಾವನ ದಿಂಬು ಅಲ್ಲಾಡುತ್ತೆ. ಆದರೆ ನಮ್ಮೂರಲ್ಲಿ ಸರ್ಕಾರಕ್ಕಿಂತ ಹಳೇ ಪದ್ಧತಿ ಒಂದಿದೆ. ಹೊಸ ಪೆನ್ಷನ್‌ದಾರನಿಗೆ ಮೊದಲ ದಿಂಬು ಗಾಡೀಲಿ ಬಂದದ್ದು ಆಗಲ್ಲ. ಯಾರಾದರೂ ತಾವಾಗೇ, ಕೈಯಾರೆ ತಂದು ಕೊಡಬೇಕು. ಆಮೇಲೇ ಅವನು ದಿಂಬಿನ ಮನೆ ಹೊಸಿಲು ದಾಟಬೇಕು. ಎಲ್ಲರಿಗೂ ಹೆಂಡತಿಯೋ ಮಗಳೋ ಅಳಿಯನೋ ತಂದುಕೊಡ್ತಾರೆ. ತಹಸೀಲ್ದಾರರಿಗೆ ಮೊದಲ ದಿಂಬು ತರೋಕೆ ಲಂಚ ಕೊಟ್ಟಿದ್ದವರೆಲ್ಲ ಸಾಲುಗಟ್ಟಿದ್ದರು. ಶಾಂತಪ್ಪನಿಗೆ ಯಾರೂ ಇರಲಿಲ್ಲ.

ಹಾಗಾಗಿ ಅವನು ದಿನಾ ಮಧ್ಯಾಹ್ನ ದಿಂಬಿನ ಮನೆ ಜಗಲಿ ಮೇಲೆ ಬಂದು ಕೂರೋಕೆ ಶುರು ಮಾಡಿದ. ಒಳಗೆ ನಿವೃತ್ತರ ಗೊರಕೆ, ಹೊರಗೆ ಇವನ ಎಚ್ಚರ. ದಿಂಬಿನ ಮನೆ ನಮ್ಮ ಅಂಗಡಿಗಳ ಎದುರಿಗೇ. ಕೊಟ್ರಕ್ಕ ಬಜ್ಜಿ ಒಲೇನ ಇನ್ನೊಂದು ಕಡೆ ತಿರುಗಿಸಿ, ರಸ್ತೆಗೆ ಬೆನ್ನು ಹಾಕಿ ಕರಿಯೋಕೆ ಶುರು ಮಾಡಿದಳು. ಗಿರಾಕಿಗಳು ಅವಳ ಜಡೆ ಜೊತೆ ವ್ಯಾಪಾರ ಮಾಡಿದರು.

ಮಳೆಗಾಲ ಹೋಯ್ತು. ಒಂದು ಸಾಯಂಕಾಲ ಕೊಟ್ರಕ್ಕನ ದಿಂಬು ಪುಟ್ಟತಾಯಿ ಟೀಚರಿಗೆ ಬಂದಿತ್ತು. ಅವರು ಅದನ್ನ ಎದೆಗೆ ಅವಚಿಕೊಂಡು ಬಂದು, ಬೆಲ್ಲ ಕಚ್ಚಿ, ನೀರು ಕುಡಿದು, ಪಾಠ ಒಪ್ಪಿಸೋ ಹಾಗೆ ಹೇಳಿದರು. ಗಾಣ, ಎಳ್ಳೆಣ್ಣೆ, ಎತ್ತು, ಹುಡುಗ.

"ಮುಖ, ಟೀಚರ್?"

"ಇಲ್ಲ ಮಗು. ನಾನು ಅವನನ್ನ ನೋಡಿಲ್ಲವಲ್ಲ, ಕಾಣೋದು ಹೇಗೆ? ಹಾಲೇಶಿನ ಕಂಡ ಪೆನ್ಷನ್‌ದಾರರು ಯಾರಾದರೂ ಉಳಿದಿದ್ದರೆ..." ಅಂತ ಅಂದವರು ಅಲ್ಲೇ ನಿಲ್ಲಿಸಿಬಿಟ್ಟರು. ಮಾತು ನಿಂತರೂ ಕಣ್ಣು ನಿಲ್ಲಲಿಲ್ಲ, ರಸ್ತೆ ದಾಟಿ ಎದುರಿನ ಜಗಲಿಗೆ ಹೋಯ್ತು. ತಕ್ಷಣ ಹಿಂದಕ್ಕೆ ಎಳ್ಕೊಂಡರು. ಆದರೆ ಕೊಟ್ರಕ್ಕ ನೋಡಿದ್ದಳು. ಎಷ್ಟೋ ತಿಂಗಳಾದ ಮೇಲೆ ಮೊದಲನೇ ಸಲ ಅವಳು ಆ ಕಡೆ ತಿರುಗಿದಳು.

ಜಗಲಿ ಮೇಲೆ ಶಾಂತಪ್ಪ ನೊಣ ಓಡಿಸ್ತಾ ಕೂತಿದ್ದ.

ಮಾರನೇ ದಿನದಿಂದ ಬಜ್ಜಿಗೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಸೋಡ ವ್ಯಾಪಾರ ಏರಿತು, ನನಗೆ ಸಂತೋಷ ಆಗಲಿಲ್ಲ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಲ್ಲಿ ಅವಳು ನನ್ನ ಕಟ್ಟೆ ಮೇಲೆ ಬಂದು ಕೂತಳು.

"ಸಿದ್ದಣ್ಣ, ಒಂದು ಕೇಳ್ತೀನಿ. ನಗಬಾರದು."

"ನನ್ನ ಅಂಗಡೀಲಿ ಗ್ಯಾಸು ಬರೋದು ಬಾಟ್ಲಿಯಿಂದ ಮಾತ್ರ. ಕೇಳು."

"ಅವನಿಗೆ ದಿಂಬು ಕೊಟ್ಟರೆ ಹಾಲೇಶಿ ಏನಂದ್ಕೋತಾನೆ?"

ನಾನು ಒಂದು ಬಾಟ್ಲಿ ಒರೆಸಿದೆ. "ಕೊಡದಿದ್ದರೆ ಏನಂದ್ಕೋತಾನೆ?"

"ಅದನ್ನೇ ಯೋಚನೆ ಮಾಡ್ತಿದೀನಿ. ಮುಖ ನೋಡಿದ್ದರೆ ಗೊತ್ತಾಗ್ತಿತ್ತು, ಕೋಪ ಮಾಡ್ಕೊಂಡಿದಾನೋ ಇಲ್ಲವೋ ಅಂತ. ಮುಖಾನೇ ಇಲ್ಲವಲ್ಲ."

ಸೋಡ ಕೊಟ್ಟೆ. ಕುಡಿದು, ತೇಗಿ, ಸೆರಗಲ್ಲಿ ಬಾಯೊರೆಸಿಕೊಂಡು ಎದ್ದು ಹೋದಳು.

ಮಾರನೇ ಬೆಳಿಗ್ಗೆ ದಿಂಬಿನ ಗಾಡಿ ಗಂಟೆ ಬಾರಿಸಿದಾಗ ಅವಳ ಬಾಗಿಲು ತೆಗೀಲಿಲ್ಲ. ಮಧ್ಯಾಹ್ನ, ಊಟ ಮುಗಿಸಿದ ನಿವೃತ್ತರು ಹೊಟ್ಟೆ ಸವರಿಕೊಂಡು ಬರೋ ಹೊತ್ತಿಗೆ, ಅವಳು ಹೊರಗೆ ಬಂದಳು. ಕಂಕುಳಲ್ಲಿ ದಿಂಬು. ಅವಳದು ಹಳೇ ಸೀರೆ ತುಂಡು ಸೇರಿಸಿ ಹೊಲಿದ ಕೌದಿ ಚೀಲದ್ದು, ಊರಿಗೆಲ್ಲ ಗೊತ್ತಿರೋ ದಿಂಬು. ರಸ್ತೆ ದಾಟೋದು ಎಷ್ಟು ದೂರ, ಹೆಚ್ಚಂದ್ರೆ ಎರಡು ಎತ್ತಿನ ಗಾಡಿ ಉದ್ದ. ಅಷ್ಟರಲ್ಲಿ ಮೈಲಾರಪ್ಪ ಅಡ್ಡ ಬಂದ.

"ಎಲ್ಲಿಗೆ?"

"ಎದುರಿಗೆ."

"ನಾಚಿಕೆ ಆಗಲ್ವೇನೇ ನಿನಗೆ? ಅವತ್ತು ಜಾಲರಿ ಹಿಡಿದು ಅಷ್ಟು ಕೂಗಾಡಿದವಳು ನೀನೇ ತಾನೆ? ಕ್ಷಮಿಸಿಬಿಟ್ಟೆಯಾ?"

"ಯಾರು ಅಂದದ್ದು ಕ್ಷಮಿಸಿದೀನಿ ಅಂತ? ಪೆನ್ಷನ್ ಕೊಡಬಾರದು ಅಂತ ಇವತ್ತೂ ಹೇಳ್ತೀನಿ. ನಾಳೆ ಸಭೆ ಸೇರಿಸ್ರಿ, ಬಂದು ಹೇಳ್ತೀನಿ. ಆದರೆ ನಂದೊಂದು ವಸ್ತು ಅವನ ಹತ್ರ ಉಳ್ಕೊಂಡಿದೆ ಮೈಲಾರಣ್ಣ. ಅದನ್ನ ಈಸ್ಕೋಬೇಕು. ಜಾಗ ಬಿಡ್ರಿ."

ಮೈಲಾರಪ್ಪ ಜಾಗ ಬಿಟ್ಟ. ಬಿಡುವಾಗ ರಸ್ತೆಗೆ ಉಗಿದ. ಅವಳು ಜಗಲಿ ಹತ್ತಿರ ಹೋಗಿ ದಿಂಬನ್ನ ಶಾಂತಪ್ಪನ ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಇಟ್ಟಳು. ದನಕ್ಕೂ ಬಹುವಚನ ಹಾಕೋ ಕೊಟ್ರಕ್ಕ ಏಕವಚನದಲ್ಲಿ ಅಂದಳು: "ನಾನು ಎಣ್ಣೆ ಗಾಣದ ಬಸಪ್ಪನ ಮಗಳು. ಸಾಯಂಕಾಲ ತಂದುಕೊಡು."

ಶಾಂತಪ್ಪ ದಿಂಬು ನೋಡಿದ. ಅವಳನ್ನ ನೋಡಿದ. ಎದ್ದು ನಿಂತವನು ಅಡಿವೆಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಬೇರೆ ಯಾರದ್ದಾದ್ರೂ ಆಗಲ್ವಾ ಸ್ವಾಮಿ? ಯಾರದ್ದಾದ್ರೂ ಸರಿ. ಇವರದ್ದು ಬೇಡ."

"ಇದೇನು ಹೋಟ್ಲಾ, ಇಡ್ಲಿ ಬೇಡ ದೋಸೆ ಕೊಡಿ ಅನ್ನೋಕೆ?" ಅಂದ ಅಡಿವೆಪ್ಪ. "ಬಾ ಒಳಗೆ."

ಅವನು ಮಲಗಿದ್ದನ್ನ ನಾವೆಲ್ಲ ಕಿಟಕಿಯಿಂದ ನೋಡಿದ್ವಿ. ನೋಡಬಾರದು ಅಂತ ಬೋರ್ಡೇ ಇದೆ, ಅದನ್ನೂ ನೋಡಿದ್ವಿ. ಕಣ್ಣು ಮುಚ್ಚೋಕೆ ಮುಂಚೆ ಅವನು ಮಂಚದ ಕಟ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದ, ದೋಣಿ ಹತ್ತಿದವರ ಥರ. ಆಮೇಲೆ ಕೈ ಸಡಿಲ ಆಯ್ತು. ಕಿಟಕಿ ಪಕ್ಕದ ಮಂಚದಲ್ಲಿ ಜಂಬಯ್ಯನ ಮಾವ ತಮ್ಮ ಪಾಡಿಗೆ ಗೊರಕೆ ಹೊಡೀತಿದ್ದರು.

ಎದ್ದಾಗ ಶಾಂತಪ್ಪ ಯಾರನ್ನೂ ನೋಡಲಿಲ್ಲ. ದಿಂಬು ತಗೊಂಡು ಹೊರಗೆ ಬಂದು, ಕೊಟ್ರಕ್ಕನ ಬಾಗಿಲಿಗೆ ಬೆನ್ನು ಹಾಕಿ ಹೊಳೆ ಕಡೆ ನಡೆದ. ಯಾರೂ ತಡೀಲಿಲ್ಲ. ದಿಂಬು ತಂದುಕೊಡದೆ ಹೋದವರು ನಮ್ಮೂರಲ್ಲಿ ಇಲ್ಲ, ಹಾಗಾಗಿ ತಡೆಯೋದು ಹೇಗೆ ಅಂತಲೂ ಯಾರಿಗೂ ಗೊತ್ತಿರಲಿಲ್ಲ. ಕೊಟ್ರಕ್ಕ ಹೊಸಿಲ ಮೇಲೆ ನಿಂತೇ ಇದ್ದಳು. ನನ್ನ ಅಂಗಡಿ ಮುಂದೆ ಅರ್ಧ ಊರು ಸೇರಿತ್ತು. ಎಲ್ಲರಿಗೂ ಒಟ್ಟಿಗೇ ಬಾಯಾರಿಕೆ. ಅಷ್ಟು ಸೋಡ ನಾನು ಯಾವತ್ತೂ ಮಾರಿರಲಿಲ್ಲ, ಯಾವ ಬಾಟ್ಲೀನೂ ಯಾರೂ ಪೂರ್ತಿ ಕುಡೀಲಿಲ್ಲ.

ಬಿಸಿಲು ಇಳಿಯೋ ಹೊತ್ತಿಗೆ ಅವನು ವಾಪಸ್ ಬಂದ. ಪಂಚೆ ಮೊಳಕಾಲ ತನಕ ಒದ್ದೆ. ದಿಂಬು ಒಣಗೇ ಇತ್ತು, ತಲೆ ಮೇಲೆ ಇಟ್ಕೊಂಡಿದ್ದ.

ಕೊಟ್ರಕ್ಕ ಒಳಗೆ ಹೋಗಿ ಒಂದು ಲೋಟ ನೀರು ತಂದಳು. ಬೆಲ್ಲ ತರಲಿಲ್ಲ. ಅದನ್ನ ಎಲ್ಲರೂ ನೋಡಿದರು, ಅವನೂ ನೋಡಿದ. ನೀರು ಕುಡಿದು ಲೋಟ ಕೆಳಗಿಟ್ಟ.

"ಗಾಣ ತಿರುಗ್ತಿತ್ತು," ಅಂದ. "ಎಳ್ಳೆಣ್ಣೆ ವಾಸನೆ ಇತ್ತು. ಎತ್ತಿನ ಕೊಂಬಿಗೆ ಕೆಂಪು ದಾರ ಕಟ್ಟಿತ್ತು. ಎತ್ತಿನ ಹಿಂದೆ ಗಾಣದ ತೊಲೆ ಮೇಲೆ ಹುಡುಗ ಕೂತು ಸುತ್ತು ಹೊಡೀತಿದ್ದ."

"ಮುಖ?"

"ಆ ಹುಡುಗನ್ನ ನಾನು ಕಂಡಿದೀನಮ್ಮ. ನಾನು ಬಾಗಿಲು ಹಾಕುವಾಗ ಎಲ್ಲರಿಗಿಂತ ಮುಂದೆ ಇದ್ದವನು ಅವನೇ. ಅವನು ನನ್ನ ಕಡೆ..."

"ಅದು ನಿಂದು," ಅಂದಳು ಕೊಟ್ರಕ್ಕ. "ಅದನ್ನ ನೀನೇ ಇಟ್ಕೊ. ಕನಸಲ್ಲಿ ಇದ್ದದ್ದು ನಂದು. ನಂದು ಕೊಡು."

"ಕಿವಿ ಅಗಲ," ಅಂದ ಶಾಂತಪ್ಪ, ನಿಧಾನವಾಗಿ, ಕಣ್ಣು ಮುಚ್ಚಿ. "ಕೂದಲು ನೆತ್ತೀಲಿ ನಿಂತಿರುತ್ತೆ, ಎಷ್ಟು ಎಣ್ಣೆ ಹಚ್ಚಿದರೂ ಕೂರದ ಹಾಗೆ. ಹುಬ್ಬು ಎರಡೂ ಮಧ್ಯದಲ್ಲಿ ಸೇರಿವೆ. ಮೂಗಿನ ತುದೀಲಿ ಎಣ್ಣೆ ಜಿಡ್ಡು. ನಗ್ತಿದ್ದ. ನಗುವಾಗ ಎಡಗಣ್ಣು ಮುಚ್ಚೇ ಹೋಗುತ್ತೆ. ಒಂದು ಕೆನ್ನೆ ಉಬ್ಬಿತ್ತು, ಬಾಯಲ್ಲಿ ಏನೋ ಇಟ್ಕೊಂಡಿದ್ದ. ನಿಮಗೆ ಕಾಣಬಾರದು ಅಂತ ಆ ಕೆನ್ನೆ ತಿರುಗಿಸಿಕೊಳ್ತಿದ್ದ. ನಿಮ್ಮದೇ ಮುಖ ಅಮ್ಮ. ಹುಡುಗನ ಮೈ ಮೇಲೆ ಇಟ್ಟ ಹಾಗೆ."

ಕೊಟ್ರಕ್ಕ ಬಾಗಿಲ ಚೌಕಟ್ಟು ಹಿಡ್ಕೊಂಡಳು. "ಬೆಲ್ಲ," ಅಂದಳು. "ಬಂದವರಿಗೆ ಅಂತ ಇಟ್ಟಿದ್ದ ಬೆಲ್ಲ. ಕದಿಯೋನು ಅವನು, ಅವ್ವ ಬೈಯೋದು ನನಗೆ." ಆಮೇಲೆ ಕೇಳಿದಳು, "ಕೋಪ ಇತ್ತಾ ಮುಖದಲ್ಲಿ?"

"ಇಲ್ಲ."

"ಸರಿ. ಹೋಗು."

ಅವನು ದಿಂಬು ಹೊಸಿಲ ಮೇಲಿಟ್ಟು ಹೋದ. ಆ ಸಂಜೆ ಅವಳು ಬಜ್ಜಿ ಒಲೇನ ಮತ್ತೆ ರಸ್ತೆ ಕಡೆ ತಿರುಗಿಸಿದಳು.

ಮಾರನೇ ದಿನ ಶಾಂತಪ್ಪ ಚಾವಡಿಗೆ ಹೋಗಿ, ನನಗೆ ಪೆನ್ಷನ್ ಬೇಡ, ಅರ್ಜಿ ವಾಪಸ್ ಕೊಡಿ ಅಂದ. ಜಂಬಯ್ಯ ಬಹಳ ದಿನದ ಮೇಲೆ ನಕ್ಕರು. "ಕೊಡೋದು ನಮ್ಮ ಕೈಯಲ್ಲಿತ್ತು, ನಿಲ್ಲಿಸೋದು ಯಮನ ಕೈಯಲ್ಲಿದೆ. ಹೋಗಿ ಮಲಕ್ಕೊ." ಅವನು ಪೆನ್ಷನ್ನು ಟೆನ್ಷನ್ನು ಎರಡೂ ಹೊತ್ಕೊಂಡು ಜಗಲಿಗೆ ಬಂದು ಕೂತ.

ಆ ವಾರದಲ್ಲೇ ಒಂದು ಮಧ್ಯಾಹ್ನ ಮೈಲಾರಪ್ಪ ರಸ್ತೆ ದಾಟಿದ. ಸಂದಿಗೊಂದೀಲಿ ಬರಬಹುದಿತ್ತು, ನಟ್ಟನಡು ರಸ್ತೇಲೇ ಬಂದ. ಛತ್ರಿ ಬಿಚ್ಚಿಕೊಂಡು, ಅದರ ಮರೇಲಿ ದಿಂಬು ಇಟ್ಕೊಂಡು. ಬಿಸಿಲಿರಲಿಲ್ಲ, ಮಳೆಯೂ ಇರಲಿಲ್ಲ. ನನ್ನ ಅಂಗಡಿ ಮುಂದೆ ನಿಂತು, ನಾನು ಏನೂ ಕೇಳದಿದ್ದರೂ ಹೇಳಿದ: "ನಮ್ಮವಳ ಮೂಗುತಿ ನೆನಪಿದೆ ಸಿದ್ದಣ್ಣ. ಮೂಗು ನೆನಪಿಲ್ಲ."

ಅವತ್ತು ಸಾಯಂಕಾಲ ಮೈಲಾರಪ್ಪನ ಬಾಗಿಲಲ್ಲಿ ಏನು ನಡೀತು ಅಂತ ನನಗೆ ಗೊತ್ತಿಲ್ಲ, ಅವನು ಛತ್ರಿ ಅಡ್ಡ ಹಿಡಿದಿದ್ದ. ಮಾರನೇ ದಿನ ಬಂದು ಬಜ್ಜಿ ತಿಂದ. ಕೊಟ್ರಕ್ಕ ಒಂದು ಜಾಸ್ತಿ ಹಾಕಿದಳು.

ಆಮೇಲೆ ಆಚೆದಡದ ಮನೆಗಳಿಂದ ಒಂದೊಂದೇ ದಿಂಬು ಬರೋಕೆ ಶುರುವಾಯ್ತು. ಯಾರೂ ಗಾಡಿಗೆ ಹಾಕಲಿಲ್ಲ, ಕಂಕುಳಲ್ಲಿ ತಂದು ಜಗಲಿ ಮೇಲಿಟ್ಟು ಅಪ್ಪನ ಹೆಸರೋ ಅಕ್ಕನ ಹೆಸರೋ ಹೇಳಿ ಹೋಗೋರು. ಶಾಂತಪ್ಪನಿಗೆ ಯಾರೂ ಕೊಡಬಾರದು ಅಂತ ಆಣೆ ಹಾಕಿದ್ದವರೇ ಈಗ ಸರದಿಗೆ ಜಗಳ ಆಡಿದರು. "ಮೊನ್ನೆ ನಿಮ್ಮದಾಯ್ತಲ್ಲ, ಇವತ್ತು ನಮ್ಮ ಅಜ್ಜಂದು." ಅಡಿವೆಪ್ಪ ಒಂದು ದಿನ, ನೋಡೋಣ ಅಂತ, ಅಂಥದ್ದೇ ಒಂದು ದಿಂಬನ್ನ ಜಂಬಯ್ಯನ ಮಾವನ ತಲೆ ಕೆಳಗೂ ಇಟ್ಟ. ಅವರು ಎದ್ದು ಹೋಗಿ, ಬೆಲ್ಲ ತಿಂದು, "ಜನ ಇದ್ದರು, ಮುಖ ಇರಲಿಲ್ಲ" ಅಂದು ಬಂದರು. ಅವರು ಯಾರ ಮುಖಾನೂ ನೋಡಿರಲಿಲ್ಲ ಪಾಪ, ಸಹಿ ಮಾತ್ರ ಹಾಕಿದ್ದು.

ನನ್ನ ಅಂಗಡೀಲಿ ಈ ವಾದ ಇವತ್ತಿಗೂ ಮುಗಿದಿಲ್ಲ. ಅಂಥವನಿಗೆ ಪೆನ್ಷನ್ ಕೊಟ್ಟದ್ದು ತಪ್ಪು ಅನ್ನೋರು ಅವನ ಕಣ್ಣ ಸುತ್ತಿನ ಕಪ್ಪು ಕಮ್ಮಿ ಆಗಿದ್ದನ್ನ ತೋರಿಸ್ತಾರೆ. ಇದು ಪೆನ್ಷನ್ನೇ ಅಲ್ಲ, ಜೈಲಿಗಿಂತ ಕಷ್ಟ ಅನ್ನೋರು ಅವನು ಸಾಯಂಕಾಲ ದಿಂಬು ಹೊತ್ಕೊಂಡು ಬಾಗಿಲಿಂದ ಬಾಗಿಲಿಗೆ ನಡೆಯೋದನ್ನ ತೋರಿಸ್ತಾರೆ. ಪುಟ್ಟತಾಯಿ ಟೀಚರ್ ಎರಡೂ ಕಡೆಯವರಿಗೆ ಕಿವಿ ಹಿಂಡ್ತಾರೆ. ಕೊಟ್ರಕ್ಕನ್ನ ಕೇಳಿದರೆ, "ಕೊಡಬಾರದಿತ್ತು" ಅಂತಾಳೆ, ಎಣ್ಣೆಯಿಂದ ಬಜ್ಜಿ ಎತ್ತುತ್ತಾ. ಹೇಳಿ, ತನ್ನ ಸರದಿ ಯಾವತ್ತು ಅಂತ ಅಡಿವೆಪ್ಪನ್ನ ಕೂಗಿ ಕೇಳ್ತಾಳೆ. ಬೆಲ್ಲ ಮಾತ್ರ ಅವನಿಗೆ ಆಚೆದಡದ ಯಾವ ಮನೇಲೂ ಸಿಕ್ಕಿಲ್ಲ. ಬರೀ ನೀರು.

ನಿನ್ನೆ ಅವಳ ಸರದಿ ಇತ್ತು. ಶಾಂತಪ್ಪ ಬಂದ, ನೀರು ಕುಡಿದ, ಹೇಳಿದ, ಹೋದ. ಅವನು ತಿರುವಲ್ಲಿ ಮರೆಯಾದ ಮೇಲೆ ಕೊಟ್ರಕ್ಕ ಬೆಲ್ಲದ ಡಬ್ಬಿ ಮುಚ್ಚಳ ತೆಗೆದಳು. ಆ ಕಡೆ ಈ ಕಡೆ ನೋಡಿ ಒಂದು ದಪ್ಪ ಚೂರು ಬಾಯಿಗೆ ಹಾಕ್ಕೊಂಡು ಎಡಗೆನ್ನೇಲಿ ಒತ್ತರಿಸಿದಳು. ಆಮೇಲೆ ನನ್ನ ಅಂಗಡಿಗೆ ಬಂದಳು. ನನ್ನ ಅಂಗಡಿ ಗೋಡೇಲಿ ಒಂದು ಕನ್ನಡಿ ಇದೆ, ಗಿರಾಕಿಗಳು ಮೀಸೆ ಮೇಲಿನ ನೊರೆ ಒರೆಸಿಕೊಳ್ಳೋಕೆ. ಅದರ ಮುಂದೆ ನಿಂತು, ತಲೆ ಮೇಲಿನ ಸೆರಗು ಜಾರಿಸಿ, ನೆತ್ತಿ ಕೂದಲನ್ನ ಬೆರಳಲ್ಲಿ ಕೆದರಿ ನಿಲ್ಲಿಸಿದಳು.

"ಏನು ಬೇಕಿತ್ತು ಕೊಟ್ರಕ್ಕ?" ಅಂದೆ.

"ಸುಮ್ಮನಿರ್ರಿ ಸಿದ್ದಣ್ಣ," ಅಂದಳು, ಬಾಯಿ ತುಂಬ ಬೆಲ್ಲ ಇಟ್ಕೊಂಡೇ. ಆ ಕೆನ್ನೆ ಕನ್ನಡಿಗೆ ಕಾಣದ ಹಾಗೆ ಸ್ವಲ್ಪ ತಿರುಗಿಸಿಕೊಂಡು, ನಕ್ಕಳು. ಎಡಗಣ್ಣು ಮುಚ್ಚೇ ಹೋಯ್ತು.

"ಕಳ್ಳ," ಅಂದಳು ಕನ್ನಡಿಗೆ.